ಮೂಗಿಲ್ಲದ ಕಾರು

ಮಣ್ಣು ಮಾರಿ ಜನ ಸಾಹುಕಾರರಾಗುತ್ತಿದ್ದ ಕಾಲವದು. ಹೊಸಪೇಟೆಯಲ್ಲಿ ನಿನ್ನೆ ಸೈಕಲ್ ತುಳಿದವನು ಇವತ್ತು ಕಾರಿನಿಂದ ಇಳಿಯುತ್ತಿದ್ದ. ಗಣಿ ಕಂಪನಿಯ ಆಫೀಸಿಗೆ ಒಂದು ಕಾರನ್ನು ಬಾಡಿಗೆಗೆ ಹಚ್ಚಿದರೆ ಸಾಕು, ಆಮೇಲೆ ಕಾಲ ಮೇಲೆ ಕಾಲು ಹಾಕಿ ಕೂರಬಹುದು ಎಂದು ನಮ್ಮ ಚಿತ್ತವಾಡ್ಗಿ ಓಣಿಯ ಚಹಾದಂಗಡಿಯಲ್ಲಿ ದಿನವೂ ಉಪನ್ಯಾಸ ನಡೆಯುತ್ತಿತ್ತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ, ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಿದ್ದ ನನಗೂ ಕೂರಬೇಕೆನಿಸಿತು.

ಅಕ್ಕಿ ಕಾಳನ್ನು ಹಲ್ಲಿನಲ್ಲಿ ಕಡಿದು ಹಳೆಯದೋ ಹೊಸದೋ ಹೇಳುವವನು ನಾನು. ಅಂಥವನಿಗೆ ಕಾರು ಆರಿಸುವುದು ಯಾವ ಮಹಾ ವಿಷಯ?

ಸಂಡೂರಿನ ಗುತ್ತಿಗೆದಾರನೊಬ್ಬ ತನ್ನ ಬಿಳಿ ಪೆಟ್ರೋಲ್ ಕಾರು ಮಾರುತ್ತಿದ್ದ. ಕೆಂಪು ಧೂಳಿನಡಿ ಅದು ಬಿಳಿ ಎಂಬುದನ್ನು ಅವನ ಮಾತಿನ ಮೇಲೆ ನಂಬಬೇಕಿತ್ತು. ನಾನು ಬಾಗಿಲು ತೆಗೆದು ಹಾಕಿದೆ. ಹಾರನ್ ಬಾರಿಸಿದೆ. ಚಕ್ರಕ್ಕೆ ಒದ್ದೆ. ಒಳಗೆ ಕುಳಿತಾಗ, ಸ್ಪೀಡು ತೋರಿಸುವ ಗಾಜಿನ ಮೂಲೆಯಲ್ಲಿ ಬಸವಣ್ಣನ ಪುಟ್ಟ ಸ್ಟಿಕ್ಕರ್ ಕಂಡಿತು. ಅದರ ಮೇಲೆ ವಿಭೂತಿ, ಕುಂಕುಮ. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು.

"ಇಂಜಿನ್ ಹೆಂಗೈತ್ರಿ?" ಎಂದೆ, ಕೇಳಬೇಕಲ್ಲ ಎಂದು.

"ಮುಂದ ಬಸವಣ್ಣನ್ನ ಕುಂದ್ರಿಸೀನಿ. ಇನ್ನೇನ್ ಹೇಳ್ಲಿ?" ಎಂದ ಗುತ್ತಿಗೆದಾರ. ಅವನು ಸುಳ್ಳು ಹೇಳಲಿಲ್ಲ. ಯಾಕೆ ಅಲ್ಲೇ ಕೂರಿಸಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಮನೆಗೆ ಬಂದ ಕಾರಿಗೆ ಆರತಿ ಎತ್ತುತ್ತ ಹೆಂಡತಿ ಗಿರಿಜಾ ಒಂದೇ ಮಾತು ಹೇಳಿದಳು. "ಕಾರು ತಂದ್ರಿ, ಆತು. ಆಫೀಸ್‌ನವ್ರು ಹೂಂ ಅನ್ನತನಕ ಗಿರಣಿ ಕೆಲ್ಸ ಬಿಡಬ್ಯಾಡ್ರಿ."

"ನಿನಗ ವ್ಯವಹಾರ ತಿಳಿಯಂಗಿಲ್ಲ," ಎಂದೆ. ಮರುದಿನವೇ ಗಿರಣಿಯ ಸಾಹುಕಾರರ ಮುಂದೆ ಕೈಕಟ್ಟಿ ನಿಂತು, "ತಮ್ಮ ಅನ್ನದ ಋಣ ತೀರಿತು, ಇನ್ನು ಸ್ವಂತ ಉದ್ಯಮಕ್ಕೆ ಅಪ್ಪಣೆಯಾಗಬೇಕು," ಎಂದು ಭಾಷಣ ಮಾಡಿದೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನೂ ನಿಲ್ಲಿಸದೆ, "ಹೋಗಲೇ ಚನ್ನಬಸ್ಯಾ, ಚೊಲೋ ಆಗ್ಲಿ," ಎಂದರು.

ಕಾರು ಎರಡು ಗುಣಗಳನ್ನು ಬೇಗನೆ ತೋರಿಸಿತು. ನೀರಿನಂತೆ ಪೆಟ್ರೋಲ್ ಕುಡಿಯುತ್ತಿತ್ತು, ಕರ್ರಗಿನ ಹೊಗೆ ಬಿಡುತ್ತಿತ್ತು. ಪಕ್ಕದ ಮನೆಯ ನೀಲಮ್ಮ ಬಿಸಿಲಿಗೆ ಹಾಕಿದ್ದ ಸಂಡಿಗೆಯೆಲ್ಲ ಕಪ್ಪಾಗಿ, ಆಕೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಬಂದಳು. ನಾನು ಆಗ ಕಾರು ಚಾಲೂ ಮಾಡಿ ಕುಳಿತಿದ್ದೆ. ಬಾಗಿ ಬೈಯಲು ಹೋದ ನೀಲಮ್ಮ ಹಾಗೇ ನಿಂತುಬಿಟ್ಟಳು.

"ಗಿರಿಜಾ, ಇಲ್ಲಿ ಬಾರವ್ವ. ಬಸವಣ್ಣನ ಸುತ್ತ ಬೆಳಕು ಬರಾಕತ್ತೈತಿ."

ಹೌದು, ಸ್ಟಿಕ್ಕರಿನೊಳಗಿಂದ ಕೇಸರಿ ಬಣ್ಣದ ಬೆಳಕು ಮಿನುಗುತ್ತಿತ್ತು. ಜಗಳ ಅಲ್ಲಿಗೇ ಮುಗಿಯಿತು. ಸಂಡಿಗೆ ಕಳೆದುಕೊಂಡ ನೀಲಮ್ಮನೇ ಮೊದಲ ಕಾಯಿ ಒಡೆದಳು. ಓಣಿಯ ಹೆಂಗಸರು ಸೋಮವಾರಕ್ಕೊಮ್ಮೆ ಕಾರಿನೊಳಗೆ ತೂರಿ ಕುಂಕುಮ ಹಚ್ಚತೊಡಗಿದರು. ನಾನೂ ಕಣ್ಣು ಮುಚ್ಚಿ ಕೈ ಮುಗಿದೆ. ಬಿ.ಕಾಂ. ಓದಿದವನು.

ಆದರೂ ಗಣಿ ಆಫೀಸಿನವರು ಕಾರು ಪರೀಕ್ಷಿಸುವ ಮುಂಚೆ ಹೊಗೆಯನ್ನು ಕಡಿಮೆ ಮಾಡಬೇಕಿತ್ತು. ಆ ಕಾಲಕ್ಕೆ ಊರಿನ ಮೆಕ್ಯಾನಿಕ್ಕುಗಳೆಲ್ಲ ಲಾರಿ ಮೆಕ್ಯಾನಿಕ್ಕುಗಳಾಗಿಬಿಟ್ಟಿದ್ದರು. ಹುಲುಗಪ್ಪ ಎಂಬವನು ಕಾರಿನ ಕೆಳಗೆ ಮಲಗಿ, "ಹೊಗಿ ಪೈಪಿನಾಗ ಒಂದು ತೂತೈತ್ರಿ. ಯಾರೋ ಬೋಲ್ಟ್ ಜಡದಾರ, ಸಡ್ಲಾಗೈತಿ," ಎಂದ.

"ಅಲ್ಲಿ ಏನಿರಬೇಕಿತ್ತಪ್ಪ?"

"ಲಾರಿಗೆ ಅಲ್ಲೇನೂ ಇರಂಗಿಲ್ರಿ. ಅಷ್ಟ್ ದೊಡ್ಡ ಲಾರಿಗೆ ಬ್ಯಾಡಾಗಿದ್ದು ಇದಕ್ಕ್ಯಾಕ?"

ಈ ವಾದಕ್ಕೆ ನಾನು ತಲೆದೂಗಿದೆ. ಅವನು ಬೋಲ್ಟಿನ ಸಮೇತ ತೂತಿಗೆ ವೆಲ್ಡಿಂಗ್ ಹಾಕಿದ. ಪಕ್ಕದಲ್ಲಿ ನಿಂತು, "ಗಟ್ಟಿ ಹಾಕು, ಮತ್ತ ಯಾವತ್ತೂ ಬಿಚ್ಚಬಾರ್ದು," ಎಂದು ಮುತುವರ್ಜಿ ವಹಿಸಿ ಹೇಳಿದವನು ನಾನೇ.

ಸಂಡೂರು ರಸ್ತೆಯಲ್ಲಿದ್ದ ಕಂಪನಿಯ ಗೇಟಿನ ಬಳಿ ಬಾಡಿಗೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಅವುಗಳನ್ನು ನೋಡುವ ಸೂಪರ್‌ವೈಸರ್ ನನ್ನ ಕಾರಿನ ಹೊಗೆಗೆ ಮೂಗು ಮುಚ್ಚಿಕೊಂಡು ಒಳಗೆ ಇಣುಕಿದ.

"ಈ ಸ್ಟಿಕ್ಕರ್ ತೆಗೀರಿ."

"ದೇವ್ರು ಸರ್ ಅದು."

"ಕೈ ಮುಗದು ತೆಗೀರಿ."

ಕೈ ಮುಗಿದು ತೆಗೆದೆ. ಅದರ ಹಿಂದೆ, ಇಂಜಿನ್ ಕೆಟ್ಟಿದೆ ಎಂದು ಹೇಳುವ ಕೇಸರಿ ದೀಪ ಜಗ್ಗನೆ ಉರಿಯುತ್ತಿತ್ತು. ನಮ್ಮ ಓಣಿ ಇಷ್ಟು ದಿನ ಕಾಯಿ ಒಡೆದದ್ದು ಅದಕ್ಕೆ! ಸೂಪರ್‌ವೈಸರ್ ಕೆಳಗೂ ಬಾಗಿ ನೋಡಿ ಎದ್ದ.

"ಆ ಪೈಪಿನಾಗ ಆಕ್ಸಿಜನ್ ಸೆನ್ಸರ್ ಇರ್ಬೇಕ್ರಿ. ಅದು ಹೊಗಿ ಮೂಸಿ ನೋಡಿ, ಪೆಟ್ರೋಲ್ ಹೆಚ್ಚಾತು ಅಂತ ಇಂಜಿನ್ನಿಗೆ ಹೇಳ್ತೈತಿ. ನಿಮ್ಮ ಕಾರಿಗೆ ಮೂಗ ಇಲ್ಲ."

"ಇವತ್ತ ಹಾಕಸ್ತೀನಿ ಸರ್."

"ಎಲ್ಲಿ ಹಾಕಸ್ತೀರಿ? ತೂತಿಗೆ ವೆಲ್ಡಿಂಗ್ ಹೊಡಸೀರಿ. ಪೈಪೇ ಹೊಸಾದು ತರಸಬೇಕು. ಅಲ್ಲೀತನಕ ನಾವು ಕಾಯಾಕಾಗಂಗಿಲ್ಲ. ಪರಿಸರ ಅಂತ ಒಂದು ಐತಲ್ರಿ."

'ಪರಿಸರ' ಎನ್ನುತ್ತಿದ್ದಂತೆ ಅವನ ಬೆನ್ನ ಹಿಂದೆ ಅದಿರಿನ ಲಾರಿಗಳು ಹೊರಟವು. ಗುಡ್ಡವನ್ನೇ ಹೊತ್ತುಕೊಂಡಿದ್ದವು, ತಾಡಪಾಲು ಕೂಡ ಹೊದಿಸಿರಲಿಲ್ಲ. ಕಪ್ಪು ಹೊಗೆ ಮತ್ತು ಕೆಂಪು ಧೂಳಿನಲ್ಲಿ ಸೂಪರ್‌ವೈಸರ್ ಪೂರ್ತಿ ಮಾಯವಾದ. ಧೂಳು ಇಳಿದ ಮೇಲೆ ಹುಬ್ಬು ಒರೆಸಿಕೊಂಡು, "ಮುಂದಿನ ಗಾಡಿ ಬರ್ಲಿ," ಎಂದ. ಆ ಇಡೀ ರಸ್ತೆಯಲ್ಲಿ ಅಂದು ಹೊಗೆಯ ಕಾರಣಕ್ಕೆ ವಾಪಸ್ಸಾದದ್ದು ನನ್ನ ಕಾರೊಂದೇ. ದಾರಿಯುದ್ದಕ್ಕೂ ಆ ಲಾರಿಗಳ ಹಿಂದೆಯೇ, ಅವುಗಳ ಧೂಳನ್ನು ತಿನ್ನುತ್ತ ಬಂದೆ.

ತಿಂಗಳು ಕಳೆಯುವುದರೊಳಗೆ ಮನೆಯಲ್ಲಿ ಡಬ್ಬಿಗಳ ತಳ ಕಾಣತೊಡಗಿತು. "ಸಾಹುಕಾರ್ರ ಕಾಲು ಹಿಡೀರಿ. ಇದ್ದದ್ದನ್ನ ಇದ್ದಂಗ ಹೇಳ್ರಿ. ಕೆಲ್ಸ ವಾಪಸ್ ಕೇಳ್ರಿ," ಎಂದು ಗಿರಿಜಾ ಕಣ್ಣೊರೆಸಿಕೊಂಡಳು. ಅವಳ ಮುಖ ನೋಡಲಾಗದೆ ಕಂಪ್ಲಿಗೆ ಹೊರಟೆ. ಬಸ್ಸಿನಲ್ಲಿ ಹೋಗಬೇಕಿತ್ತು. ಪರಿಚಯದ ಕಂಡಕ್ಟರ್ ಏನಾದರೂ ಕೇಳಿಯಾನೆಂದು ಕಾರಿನಲ್ಲೇ ಹೋದೆ. ಅದೇ ತಪ್ಪಾಯಿತು.

ಗಿರಣಿಯ ಮುಂದೆ ಕಾರು ನಿಂತದ್ದನ್ನು ಕಂಡು ಸಾಹುಕಾರರು ಎದ್ದು ನಿಂತರು. ಅವರು ನನಗಾಗಿ ಎಂದೂ ಎದ್ದವರಲ್ಲ. "ಬರ್ರಿ ಚನ್ನಬಸಪ್ಪನೋರ, ಕುಂದ್ರಿ," ಎಂದು ತಮ್ಮ ಪಕ್ಕದಲ್ಲೇ ಕೂರಿಸಿ ಚಹಾ ತರಿಸಿದರು. 'ರಿ' ಎಂಬ ಆ ಒಂದು ಅಕ್ಷರಕ್ಕೆ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಮೈನಿಂಗ್ ಆಫೀಸಿಗೆ ಗಾಡಿ ಹಚ್ಚೀರಿ, ಹೌದಿಲ್ರಿ?"

ಇಲ್ಲ ಎನ್ನಲು ಬಂದಿದ್ದೆ. "ಹೂಂ, ನಡದೈತ್ರಿ," ಎಂದೆ.

ಅವರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. ನನ್ನ ಜೀವಮಾನದಲ್ಲಿ ಅವರು ನನ್ನನ್ನು ಬೇಡಿದ್ದು ಅದೊಂದೇ ಸಲ.

ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು? ಕೆಲ್ಸ ಸಿಗ್ತೈತೇನು?"

"ಸಿಗ್ತೈತಿ."

"ನಿಮಗ ಯಾವತ್ತಿಂದ ಬಾ ಅಂದಾರ?"

"ನನಗಲ್ಲ," ಎಂದೆ. "ಅವ್ರ ಅಳಿಯಗ. ಗಣಿ ಆಫೀಸಿನಾಗ ನಾನ ಕೊಡಸ್ತೀನಂತ ಮಾತು ಕೊಟ್ಟು ಬಂದೀನಿ."