ರೊಟ್ಟಿಯ ಸಾಲಿನ ಎಡತುದಿ

ವಯಸ್ಸಾದವರಿಗೆ ದೇವರು ಹಲ್ಲು ಉಳಿಸದಿದ್ದರೂ ನೆಪಗಳನ್ನು ಮಾತ್ರ ಧಾರಾಳವಾಗಿ ಕೊಟ್ಟಿರುತ್ತಾನೆ. ನಮ್ಮ ಅಜ್ಜಿಯ ಕಾಲದಲ್ಲಿ ಕೈಯಿಂದ ಚೆಂಬು ಜಾರಿದರೆ ಅದು ಯಾರದೋ ದೃಷ್ಟಿ. ನಮ್ಮ ಅತ್ತೆಯವರ ಕಾಲಕ್ಕೆ ಅದೇ ಬಿ.ಪಿ. ಆಯಿತು. ನನ್ನ ಸರದಿ ಬರುವ ಹೊತ್ತಿಗೆ ಹಾರ್ಮೋನ್. ಈ ಶಬ್ದ ನನಗೆ ಭಾಳ ಹಿಡಿಸಿದೆ, ಯಾಕಂದರೆ ಅದಕ್ಕೊಂದು ಡಿಗ್ನಿಟಿ ಇದೆ. ‘ಈಕೆಗೆ ಕೈಯಲ್ಲಿ ಕೆಲಸ ಸಾಗೋದಿಲ್ಲ’ ಅಂದರೆ ಅವಮಾನ. ‘ಹಾರ್ಮೋನ್ ಪ್ರಾಬ್ಲೆಮ್’ ಅಂದರೆ ಎದುರಿಗಿದ್ದವರು ಎದ್ದು ಕುರ್ಚಿ ಕೊಡುತ್ತಾರೆ.

ನನ್ನ ತೊಂದರೆ ಶುರುವಾದದ್ದು ಕೆರೂರಿನಲ್ಲಿ, ನಮ್ಮ ಮೈದುನನ ಮನೆಯ ವಾಸ್ತುಶಾಂತಿಯ ಹೊತ್ತಿಗೆ. ನಮ್ಮ ಕಡೆ ಯಾವ ಕಾರ್ಯವಿದ್ದರೂ ನಾಲ್ಕು ದಿನ ಮೊದಲೇ ಓಣಿಯ ಹೆಂಗಸರೆಲ್ಲ ಸೇರಿ ತೆಳ್ಳಗಿನ, ದಿನಗಟ್ಟಲೆ ಕೆಡದ ಕಟಕ್ ರೊಟ್ಟಿ ಬಡಿದು ಇಡುತ್ತಾರೆ. ಸಾಲಾಗಿ ಕೂತು, ಎದುರಿಗೊಂದು ಹಿಟ್ಟಿನ ಅಗಲ ಪರಾತ ಇಟ್ಟುಕೊಂಡು, ಪಟಪಟ ಬಡಿಯುತ್ತಾ ಊರಿನ ಸುದ್ದಿಯನ್ನೂ ಜೊತೆಗೇ ಬಡಿಯುವ ಆ ಸಭೆಯ ಮುಂದೆ ಯಾವ ಲೇಡೀಸ್ ಕ್ಲಬ್ಬೂ ಇಲ್ಲ. ನಾನು ಹುಟ್ಟಾ ಎಡಚಿ. ಸಾಲಿನ ನಡುವೆ ಕೂತರೆ ನನ್ನ ಎಡಮೊಣಕೈ ಪಕ್ಕದವಳ ಬಲಮೊಣಕೈಗೆ ಡಿಕ್ಕಿ ಹೊಡೆದು, ಎರಡು ರೊಟ್ಟಿ ಒಟ್ಟಿಗೇ ಹರಿಯುತ್ತವೆ. ಅದಕ್ಕೇ ಎಡತುದಿಯ ಜಾಗ, ಬಾಗಿಲ ಪಕ್ಕದ್ದು, ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದಾಗಿನಿಂದಲೂ ನನಗೇ ರಿಸರ್ವ್. ಆದರೆ ಆ ದಿನ ನನ್ನ ಕೈ ನನ್ನ ಮಾತೇ ಕೇಳಲಿಲ್ಲ. ಒಂದು ರೊಟ್ಟಿ ಎತ್ತುವಾಗ ಹರಿಯಿತು, ಇನ್ನೊಂದು ಹೆಂಚಿನ ಮೇಲೆ ಮಡಚಿ ಬಿತ್ತು. ಮತ್ತೊಂದು ಹೊತ್ತುವುದನ್ನು ಕಣ್ಣಾರೆ ನೋಡುತ್ತಿದ್ದೇನೆ, ತಿರುವಬೇಕೆಂಬುದೂ ಗೊತ್ತಿದೆ, ಆದರೆ ಕೈ ಏಳುವಷ್ಟರಲ್ಲಿ ಹೊಗೆ ಎದ್ದಿತ್ತು.

ನನ್ನ ನೆಗೆಣ್ಣಿ ನೀಲಮ್ಮ ಮೆತ್ತಗೆ ಬಂದು, “ಅಕ್ಕಾರ, ನೀವು ಆ ಶೇಂಗಾ ಬಿಡಸ್ಕೋತ ಕುಂದರ್ರಿ. ಸುಮ್ನ ಕೈ ಸುಟ್ಕೋತೀರಿ” ಅಂದಳು. ಶೇಂಗಾ ಬಿಡಿಸುವುದು ಅಂದರೆ ಗೊತ್ತಲ್ಲ, ಕಣ್ಣು ಕಾಣದವರಿಗೂ ಚಿಕ್ಕ ಮಕ್ಕಳಿಗೂ ಕೊಡುವ ಕೆಲಸ. ಹೊರಗಿನ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತೆ. ಒಳಗೆ ನಗು ಕೇಳಿಸುತ್ತಿತ್ತು, ಯಾಕೆ ನಗುತ್ತಿದ್ದಾರೆಂಬುದು ಮಾತ್ರ ಕೇಳಿಸುತ್ತಿರಲಿಲ್ಲ. ಐ ಫೆಲ್ಟ್ ರಿಟೈರ್ಡ್. ಅದೇ ಮನೆಯಲ್ಲಿ ಇನ್ನು ಕೆಲವೇ ತಿಂಗಳಿಗೆ ನೀಲಮ್ಮನ ಮಗಳ ಮದುವೆ ಇತ್ತು. ಆಗಲೂ ನನ್ನನ್ನು ಕಟ್ಟೆಗೇ ಕಳಿಸಿದರೆ, ಆ ಸಾಲಿಗೆ ನಾನು ಮತ್ತೆ ಸೇರುವುದಿಲ್ಲ ಎಂದು ಮನಸ್ಸಿಗೆ ಖಾತ್ರಿಯಾಗಿಬಿಟ್ಟಿತು.

ಬಾಗಲಕೋಟೆಯ ನಮ್ಮ ಮನೆಗೆ ಬಂದವಳೇ ದವಾಖಾನೆಗೆ ಹೋದೆ. ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. “ಆಂಟಿ, ಈ ಕುರ್ಚಿ ಮ್ಯಾಲ ಮಣಕಾಲೂರಿ ಕೂಡ್ರಿ, ಪಾದ ಹೊರಗ ಇಳೇಬಿಡ್ರಿ” ಅಂದಳು. ಕಾನ್ವೆಂಟ್ ಬಿಟ್ಟ ಮೇಲೆ ನನ್ನನ್ನು ಯಾರೂ ಮೊಣಕಾಲ ಮೇಲೆ ಕೂರಿಸಿರಲಿಲ್ಲ. ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಟಕ್ ಅಂತ ಬಡಿದಳು. ಪಾದ ಜಿಗಿಯಿತು. ಆದರೆ ತಿರುಗಿ ತನ್ನ ಜಾಗಕ್ಕೆ ಬರುವಾಗ ಯಾವ ಅವಸರವೂ ಇಲ್ಲ, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದ ಹಾಗೆ ಬಂತು. ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಯಜಮಾನರು ಅದನ್ನು ಬಗ್ಗಿ ನೋಡಿ, “ಡಾಕ್ಟರ, ಇದು ನಮ್ಮ ಆಫೀಸಿನ ಫೈಲ್ ಇದ್ದಂಗ ಐತಿ. ಹೋಗೂದು ಲಗೂ, ತಿರುಗಿ ಬರೂದು ತಡ” ಅಂದರು.

ರಕ್ತದ ರಿಪೋರ್ಟ್ ಬಂದಾಗ ಕಾರಣ ತಿಳಿಯಿತು: ಥೈರಾಯ್ಡ್. ಆ ಹಾರ್ಮೋನ್ ಕಡಿಮೆಯಾದರೆ ಸ್ನಾಯುಗಳು, ರಿಫ್ಲೆಕ್ಸು ಎಲ್ಲ ಮಂದವಾಗುತ್ತವಂತೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಪೇಢೆ ಹಂಚುವುದೊಂದು ಬಾಕಿ. ಸಿಕ್ಕ ಅವಕಾಶ ಬಿಡಬಾರದೆಂದು, “ಮತ್ತ ನಾ ಎಡಚಿ ಆಗಿದ್ದೂ ಹಾರ್ಮೋನಿಂದ ಏನವಾ?” ಅಂತ ಕೇಳಿದೆ. ಆಕೆ ನಕ್ಕಳು. “ಹೊಟ್ಟ್ಯಾಗ ಇದ್ದಾಗಿನ ಹಾರ್ಮೋನ್ ಅದಕ್ಕ ಕಾರಣ ಇರಬಹುದು ಅಂತ ಕೆಲವ್ರು ಅಂತಾರ್ರಿ ಆಂಟಿ. ಆದ್ರ ಖರೆ ಏನು ಅಂತ ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲ.” ನಮ್ಮ ಅಜ್ಜಿಗೆ ಪಕ್ಕಾ ಗೊತ್ತಿತ್ತು. ನಾನು ಹೊಟ್ಟೆಯಲ್ಲಿದ್ದಾಗ ನನ್ನ ಅವ್ವ ಗ್ರಹಣದ ಹೊತ್ತಿನಲ್ಲಿ ಎಡಗೈಯಿಂದ ಬದನೆಕಾಯಿ ಮುಟ್ಟಿದ್ದಳಂತೆ. ಪಾಪ, ಅವ್ವ ಸಾಯುವತನಕ ಆ ಬದನೆಕಾಯಿಯ ಆಪಾದನೆ ಹೊತ್ತಳು. ಯಾರಾದರೂ ‘ಇರಬಹುದು’ ಅನ್ನುವ ಡಾಕ್ಟರು ಆಗ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮ್ಮ ಕ್ಲಾಸಿನ ಸಿಸ್ಟರ್ “ದಿ ಅದರ್ ಹ್ಯಾಂಡ್, ಡಿಯರ್” ಅನ್ನುತ್ತಾ ಪೆನ್ಸಿಲನ್ನು ನನ್ನ ಬಲಗೈಗೆ ವರ್ಗಾಯಿಸುತ್ತಿದ್ದರು. ದಿನಾ ವರ್ಗಾವಣೆ, ಒಂದು ದಿನವೂ ಸಿಟ್ಟಿಲ್ಲ. ಹೀಗಾಗಿ ನನ್ನ ಇಂಗ್ಲಿಷೆಲ್ಲ ಬಲಗೈಗೆ ಹೋಯಿತು, ರೊಟ್ಟಿ ಎಡಗೈಯಲ್ಲಿ ಉಳಿಯಿತು. ಮದುವೆಯಾಗಿ ಬಂದಾಗ ಹಳೆ ಬಾಗಲಕೋಟೆಯ ಮನೆಯಲ್ಲಿ ಅತ್ತೆಯವರು ನನಗೆ ರೊಟ್ಟಿ ಕಲಿಸಿದರು. ಅವರು ಎದುರಿಗೆ ಕೂತು ಬಡಿಯುವುದು, ನಾನು ಕನ್ನಡಿ ನೋಡಿದ ಹಾಗೆ ನೋಡಿ ಬಡಿಯುವುದು. “ಎಡಗೈ ಆದ್ರೇನು, ಹೊಟ್ಟಿಗೇನ್ ಗೊತ್ತಾಗತೈತಿ” ಅನ್ನುತ್ತಿದ್ದರು. ಅಣೆಕಟ್ಟು ಕಟ್ಟಿದ ಮೇಲೆ ಓಣಿಯೇ ಮುಳುಗಿ, ಆ ಒಲೆ ಈಗ ಹಿನ್ನೀರಿನ ಕೆಳಗಿದೆ. ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ನನ್ನ ಗ್ಯಾಸ್ ಕಟ್ಟೆಯ ಮುಂದೆ ನಿಂತು ಬಡಿಯುವಾಗ ಎದುರಿಗೆ ಕಾಣುವುದು ಬರೀ ಟೈಲ್ಸ್.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ಶುರುವಾಯಿತು. ನಿಧಾನಕ್ಕೆ ಕಾಲಿನ ಭಾರ ಇಳಿಯಿತು, ಮಾತಿನ ವೇಗ ಏರಿತು. ಇದು ಬೇಡವಾಗಿದ್ದ ಸೈಡ್ ಎಫೆಕ್ಟ್ ಎಂದು ಯಜಮಾನರು ಹೇಳುತ್ತಾರೆ. ದಿನಾ ರೊಟ್ಟಿ ಬಡಿದು ಪ್ರಾಕ್ಟೀಸ್ ಮಾಡಿದೆ. ಪರೀಕ್ಷಕರು ಅವರೇ. “ಹೆಂಗ ಆಗೇತ್ರಿ?” ಅಂದರೆ, ಬಹಳ ಹೊತ್ತು ಅಗಿದು, “ಹೊತ್ತಿಲ್ಲ” ಅನ್ನುತ್ತಿದ್ದರು. ನಾನದನ್ನು ಹೊಗಳಿಕೆ ಎಂದೇ ತಿಳಿದೆ. ಮದುವೆಯ ವಾರದಲ್ಲಿ ಡಾಕ್ಟರ್ ಮತ್ತೆ ಸುತ್ತಿಗೆ ಬಡಿದಳು. ಪಾದ ಹೋದದ್ದೂ ಬಂದದ್ದೂ ತಿಳಿಯಲಿಲ್ಲ. “ನಾರ್ಮಲ್, ಆಂಟಿ” ಅಂದಳು.

ಕೆರೂರಿಗೆ ಹೋದವಳೇ ಸೆರಗು ಸಿಕ್ಕಿಸಿಕೊಂಡು ಎಡತುದಿಯಲ್ಲಿ ಕೂತೆ. ನೀಲಮ್ಮ ಕಟ್ಟೆಯ ಕಡೆ ನೋಡಿದಳು, ನನ್ನ ಮುಖ ನೋಡಿದಳು, ಹಿಟ್ಟಿನ ಮುದ್ದೆ ಕೊಟ್ಟಳು. ನನ್ನ ಬಲಕ್ಕೆ ಅವಳ ಹೊಸ ಸೊಸೆ ಸವಿತಾ ಕೂತಳು, ವಾಸ್ತುಶಾಂತಿಯ ಹೊತ್ತಿಗೆ ತವರಿಗೆ ಹೋಗಿದ್ದವಳು. ನೋಡುತ್ತೇನೆ, ಅವಳೂ ಎಡಗೈಯಿಂದಲೇ ಬಡಿಯುತ್ತಾಳೆ! ಜೀವಮಾನದಲ್ಲಿ ಮೊದಲ ಸಲ ಆ ಸಾಲಿನಲ್ಲಿ ನನಗೊಬ್ಬಳು ಜೊತೆ ಸಿಕ್ಕಳು. ಕೈ ಚುರುಕಾಗಿ ಓಡಿತು. ಒಂದೂ ಹರಿಯಲಿಲ್ಲ, ಒಂದೂ ಹೊತ್ತಲಿಲ್ಲ. ನನ್ನ ರೊಟ್ಟಿ ಆದ ಹಾಗೆಲ್ಲ ನೀಲಮ್ಮ ಎತ್ತಿ, ದೊಡ್ಡ ಬುಟ್ಟಿ ಬಿಟ್ಟು, ಬಾಗಿಲ ಹಿಂದಿನ ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಪ್ರತಿ ಕಾರ್ಯದಲ್ಲೂ ಹಾಗೇ ಮಾಡುತ್ತಾಳೆ. ಅದು ಬೀಗರಿಗಾಗಿ ತೆಗೆದಿಡುವ ಬುಟ್ಟಿ ಎಂದು ನಾನು ಇಷ್ಟು ವರ್ಷ ಒಳಗೊಳಗೇ ಹಿಗ್ಗಿದ್ದೆ.

ಸವಿತಾ ಹೊಸಬಳು, ತಿಳಿಯದೆ ಕೇಳಿಬಿಟ್ಟಳು: “ಅತ್ತಿ, ಇವು ಯಾಕ ಬ್ಯಾರೆ?”

“ಎಮ್ಮಿಗವಾ” ಅಂದ ನೀಲಮ್ಮ ನಾಲಿಗೆ ಕಚ್ಚಿಕೊಂಡಳು.

ಸಾಲೆಲ್ಲ ಬಡಿಯುವುದನ್ನು ನಿಲ್ಲಿಸಿತು. “ಥೈರಾಯ್ಡ್ ಇತ್ತಲ್ಲ ನನಗ...” ಅಂದೆ.

“ಅದು ಮೊನ್ನೆ ಮೊನ್ನೆ ಬಂತ್ರಿ ಅಕ್ಕಾರ. ನಿಮ್ಮ ರೊಟ್ಟಿ ಮೊದಲಿಂದ ದಪ್ಪ.”

“ಎಡಗೈ ನೋಡವಾ, ಅದಕ್ಕ...”

ನೀಲಮ್ಮ ಸವಿತಾಳ ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದಳು. ಅದರ ಆಚೆ ಕಿಟಕಿಯ ಸರಳು ಕಾಣುತ್ತಿತ್ತು.

“ಮತ್ತ ಇಷ್ಟ್ ವರ್ಷ ನನ್ನ ಯಾಕ ಕುಂದರಿಸಿದಿ?”

“ನೀವಿಲ್ಲಂದ್ರ ಸಾಲಾಗ ಮಾತು ಯಾರ ಆಡ್ತಾರ್ರಿ? ಆವತ್ತು ನೀವು ಹೊರಗ ಕಟ್ಟಿ ಮ್ಯಾಲ ಕುಂತ್ರಿ, ಇಲ್ಲಿ ನಿಮ್ಮ ಮಾತು ನೆನಸ್ಕೊಂಡ ನಕ್ಕಿವಿ.”

ಹಾರ್ಮೋನ್ ಹೋಯಿತು, ಎಡಗೈ ಹೋಯಿತು. ಇನ್ನು ಸಿಸ್ಟರ್ ಮೇಲೆ ಹಾಕೋಣವೆಂದರೆ ಪಾಪ, ಅವರು ರೊಟ್ಟಿಯ ಮುಖವನ್ನೇ ಕಂಡವರಲ್ಲ. ನೆಪಗಳೆಲ್ಲ ಮುಗಿದು ಬರಿಗೈಯಲ್ಲಿ ಕೂತವಳಿಗೆ ಎದ್ದು ಹೋಗಬೇಕೆನಿಸಲೇ ಇಲ್ಲ, ಅದೇ ಆಶ್ಚರ್ಯ. ಇನ್ನೊಂದು ಮುದ್ದೆ ಎಳೆದುಕೊಂಡೆ. ಮದುವೆ ಮನೆಯಲ್ಲಿ ಎಮ್ಮೆಯ ಊಟದ ಚಿಂತೆಯನ್ನೂ ಯಾರಾದರೂ ಮಾಡಬೇಕಲ್ಲ.