ಮಾರ್ಗರೆಟ್ ಅಜ್ಜಿಯ ಜಾಮು

ಒಳ್ಳೆಯ ನಡತೆಯಿಂದಲೇ ಕೆಟ್ಟವರನ್ನು ನೀವು ನೋಡಿಲ್ಲದಿದ್ದರೆ ಗೋರೆಗಾಂವಿಗೆ ಬನ್ನಿ, ನಮ್ಮ ಮನೆಯಲ್ಲಿ ಒಬ್ಬನಿದ್ದಾನೆ. ನಾನು ಚಿಕ್ಕವನಿದ್ದಾಗ ಧಾರವಾಡದಲ್ಲಿ ನಮ್ಮಜ್ಜ ಲಗ್ನಪತ್ರಿಕೆ ಬರೆಸುವಾಗಲೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಾನು ಕನ್ನಡ ಬರೆಯಲು ಕಲಿತದ್ದೇ ಹಾಗೆ. ಮೊದಲು ಹಿರಿಯರು, ಆಮೇಲೆ ಕಿರಿಯರು. ಒಂದು ಹೆಸರು ಹಿಂದೆಮುಂದೆ ಆದರೂ ದೊಡ್ಡಪ್ಪ ಎಲೆಯ ಮುಂದೆ ಕೂರುವುದಿಲ್ಲ ಎನ್ನುತ್ತಿದ್ದರು. ಈ ಪಾಠ ಐವತ್ತೇಳನೆಯ ವಯಸ್ಸಿನಲ್ಲಿ ನನ್ನ ನೌಕರಿಗೇ ಸಂಚಕಾರ ತರುತ್ತದೆಂದು ಯಾರು ಎಣಿಸಿದ್ದರು?

ಪವಾಯಿಯ ಆಫೀಸೊಂದರಲ್ಲಿ ನನಗೆ ಪುಟ ಜೋಡಿಸುವ ಕೆಲಸ. ಪರದೇಶದವರು ಕಳಿಸಿದ ಬರಹವನ್ನು ಕಂಪ್ಯೂಟರಿನಲ್ಲಿ ಅಂದವಾಗಿ ಕೂರಿಸಿ ವಾಪಸು ಕಳಿಸುತ್ತೇವೆ. ಆರು ವರ್ಷದಿಂದ ನನ್ನ ಪಾಲಿಗಿರುವುದು ಇಂಗ್ಲೆಂಡಿನ ಒಂದು ಹಳ್ಳಿಯ ತಿಂಗಳ ಪತ್ರಿಕೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಎರಡು ವಿಂಗ್ ಸೇರಿದರೆ ಆ ಊರಿಗಿಂತ ಹೆಚ್ಚು ಜನ. ಆದರೆ ಅವರ ಉತ್ಸಾಹ ನೋಡಬೇಕು. ಚರ್ಚಿನ ಗಂಟೆಯ ಹಗ್ಗ ಹರಿದದ್ದು ಒಂದು ಪುಟ, ಬಾತುಕೋಳಿಯ ಕೊಳ ತೊಳೆದದ್ದು ಇನ್ನೊಂದು ಪುಟ. ಇತಿಹಾಸದ ಅಂಕಣದಲ್ಲಿ ಯಾವುದೋ ರಾಜನ ಸೈನಿಕರು ಒಂದು ರಾತ್ರಿ ತಂಗಿ ಊರಿನ ಕೋಳಿಗಳನ್ನೆಲ್ಲ ತಿಂದು ಹೋದ ಕಥೆ. ನಾನೂರು ವರ್ಷವಾದರೂ ಸಿಟ್ಟು ಇಳಿದಿಲ್ಲ. ಓದಿ ಓದಿ ನಾನೂ ಆ ಊರಿನವನೇ ಆಗಿದ್ದೆ. ಯಾರ ಹುಟ್ಟುಹಬ್ಬ ಯಾವಾಗ ಎಂಬುದೆಲ್ಲ ಬಾಯಿಪಾಠ.

ಹಾಗಾಗಿ ಮೊನ್ನೆ ಜಾಮ್ ಸ್ಪರ್ಧೆಯ ಪಟ್ಟಿ ಬಂದಾಗ ನನಗೆ ಕಸಿವಿಸಿಯಾಯಿತು. ಬರೀ ಏಳು ಹೆಸರು. ಎಲ್ಲಕ್ಕಿಂತ ಮೇಲೆ ಇಪ್ಪತ್ತೇಳರ ಟಾಮ್, ಕಟ್ಟಕಡೆಗೆ ತೊಂಬತ್ತೊಂದರ ಮಾರ್ಗರೆಟ್ ಅಜ್ಜಿ. ಯಾರೋ ಅವಸರದಲ್ಲಿ ಬರೆದಿದ್ದಾರೆ, ಪಾಪ, ಎಂದುಕೊಂಡು ವಯಸ್ಸಿನ ಪ್ರಕಾರ ಸರಿಪಡಿಸಿ ಕಳಿಸಿದೆ. ಪತ್ರಿಕೆ ಹಾಗೇ ಅಚ್ಚಾಯಿತು.

ಮೇಲಿನ ಹೆಸರೆಂದರೆ ಗೆದ್ದವರ ಹೆಸರು ಎಂಬುದು ಆ ಊರಿನಲ್ಲಿ ಕೂಸಿಗೂ ಗೊತ್ತಂತೆ. ಅಜ್ಜಿಯದು ಮೂವತ್ತು ವರ್ಷದಿಂದ ಜನ ಬರೀ ಮರ್ಯಾದೆಗೆ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ ಜಾಮು. ಅದು ಗೆದ್ದಿತೆಂದು ಓದಿ ಊರಿಗೆ ಊರೇ ದಂಗಾಯಿತು, ತೀರ್ಪುಗಾರರಿಬ್ಬರು ರಾಜೀನಾಮೆ ಕೊಟ್ಟರು. ಅಜ್ಜಿ ಆಗಲೇ ಬಹುಮಾನದ ಕಪ್ಪು ಇಡಲು ಕಿಟಕಿಯ ಕಟ್ಟೆ ಒರೆಸಿಟ್ಟಿದ್ದರಂತೆ. ನಮ್ಮ ಮ್ಯಾನೇಜರ್ ನಾಯರ್ ಮೇಡಂ, ನನ್ನ ಮಗಳ ವಯಸ್ಸಿನವರು, ಕ್ಯಾಬಿನ್ನಿಗೆ ಕರೆದರು.

“ಅಂಕಲ್, ಯೆ ಆಪ್ನೆ ಕ್ಯಾ ಕರ್ ದಿಯಾ?”

ಇದೇನು ಮಾಡಿಬಿಟ್ಟಿರಿ ಎಂದು ಕೇಳಿದ್ದಕ್ಕೆ ಲಗ್ನಪತ್ರಿಕೆಯ ನಿಯಮ ವಿವರಿಸಿದೆ. ಅವರು ತಲೆ ಹಿಡಿದುಕೊಂಡರು. ಊರಿನ ಕಮಿಟಿಯದು ಒಂದೇ ಷರತ್ತು: ತಪ್ಪು ಮಾಡಿದವನೇ ಅಜ್ಜಿಗೆ ಬರೆದು ಸಮಾಧಾನ ಮಾಡಬೇಕು; ಅವರು ಒಪ್ಪಿದರೆ ಕೆಲಸ ನಮ್ಮಲ್ಲೇ, ಇಲ್ಲದಿದ್ದರೆ ಬೇರೆ ಕಡೆಗೆ. ಅದು ಹೋದರೆ ನಾನೂ ಹೋದಂತೆಯೇ ಎಂಬುದನ್ನು ಮೇಡಂ ಬಾಯಿಬಿಟ್ಟು ಹೇಳಲಿಲ್ಲ.

ತೊಂಬತ್ತೊಂದರ ಹಿರಿಯರಿಗೆ ‘ನೀವು ಗೆದ್ದಿಲ್ಲ, ಕಡೆಯವರು’ ಎಂದು ಬರೆಯುವುದು ಹೇಗೆ? ಎರಡು ದಿನ ಬರೆದದ್ದನ್ನೆಲ್ಲ ಅಳಿಸಿದೆ. ನೀವು ಊರಿಗೇ ಹಿರಿಯರು, ಆ ಗೌರವಕ್ಕೆ ಮೇಲೆ ಕೂರಿಸಿದೆ, ಕ್ಷಮಿಸಿ ಎಂದು ಹೇಗೋ ಬರೆದು ಕಳಿಸಿದೆ.

ವಾರಕ್ಕೆ ಕಮಿಟಿಯ ಮೂಲಕ ಉತ್ತರ ಬಂತು. ತನ್ನ ಜಾಮಿನ ಯೋಗ್ಯತೆ ತನಗೆ ಗೊತ್ತು, ಕಪ್ಪು ಟಾಮ್‌ಗೇ ಇರಲಿ, ಈ ಮನುಷ್ಯನ ಕೆಲಸ ಕಿತ್ತುಕೊಳ್ಳಬೇಡಿ ಎಂದಿದ್ದರು ಅಜ್ಜಿ. ನಾನು ಉಸಿರು ಬಿಡುವಷ್ಟರಲ್ಲಿ ಕೆಳಗೆ ಇನ್ನೆರಡು ಸಾಲು:

“ಆದರೆ ವಯಸ್ಸಿನ ಪ್ರಕಾರ ಎಂದರೆ ಪಟ್ಟಿಯಲ್ಲಿರುವ ಡೋರಿಸ್ ಮೊದಲು ಬರಬೇಕು. ನನಗಿಂತ ನಾಲ್ಕು ತಿಂಗಳು ದೊಡ್ಡವಳು, ಎಂಬತ್ತು ವರ್ಷದಿಂದ ಒಪ್ಪಿಕೊಂಡಿಲ್ಲ. ದಯವಿಟ್ಟು ಇದನ್ನು ಅಚ್ಚು ಹಾಕಿ.”

ಪತ್ರವನ್ನು ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ, ಸ್ವಲ್ಪ ಜಂಬದಿಂದಲೇ. ವಿಜಯಪುರದವಳು, ಸೊಪ್ಪು ಸೋಸುತ್ತಾ ಕೇಳಿದಳು.

“ಏಳು ಸಮುದ್ರದಾಚೆ ಅಜ್ಜಿ ಹುಟ್ಟಿದ ತಿಂಗಳಾ ಗೊತ್ತೈತಿ. ಎದುರುಮನಿ ಆಜಿಗೆ ವಯಸ್ಸೆಷ್ಟು, ಹೇಳ್ರಿ ನೋಡೂಣು.”

“ಎಂಬತ್ತರ ಮ್ಯಾಲ” ಎಂದೆ, ಧೈರ್ಯವಾಗಿ.

“ಆಕಿ ಮಗನ ಜೋಡಿ ಕಾಂದಿವಲಿಗೆ ಹೋಗಿ ಎರಡು ವರ್ಷ ಆತು. ಈಗಿರಾಕಿ ಬ್ಯಾರೆ ಆಜಿ, ಅರವತ್ತೈದೂ ಆಗಿಲ್ಲ.”

ದಿನಾ ಬೆಳಿಗ್ಗೆ ಲಿಫ್ಟಿನಲ್ಲಿ ಇವರನ್ನೇ ಹಳೆಯ ಆಜಿಯೆಂದುಕೊಂಡು ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುತ್ತೇನೆ. ಪಾಪ, ಆ ತಾಯಿಯೂ ಎರಡು ವರ್ಷದಿಂದ ‘ಈಗ ಕಡಿಮೆ’ ಎನ್ನುತ್ತಲೇ ಬಂದಿದ್ದಾರೆ.