ಬಸ್ಸಮ್ಮ ತೊಳೆದ ಕ್ಲಚ್

ರವಿವಾರ ಬೆಳಿಗ್ಗೆ ಗಯಾಸ ಹಿತ್ತಲಿಗೆ ಬಂದಾಗ ಅವನ ಬೈಕಿನ ಕ್ಲಚ್ ಪ್ಲೇಟುಗಳು ಪಕ್ಕದ ಮನೆಯ ಹಗ್ಗದ ಮೇಲೆ, ಬಸ್ಸಮ್ಮನ ಸೀರೆಯ ಮಗ್ಗುಲಲ್ಲಿ, ದಪ್ಪ ಬಳೆಗಳ ಹಾಗೆ ತೂಗುತ್ತಿದ್ದವು.

ಹಿಂದಿನ ಸಂಜೆ ಅವನ್ನು ಎಂಜಿನ್ ಎಣ್ಣೆ ತುಂಬಿದ ಪರಾತದಲ್ಲಿ ಮುಳುಗಿಸಿಟ್ಟಿದ್ದ. ಹೊಸ ಪ್ಲೇಟು ರಾತ್ರಿಯಿಡೀ ಎಣ್ಣೆ ಕುಡಿಯಬೇಕು. ಒಣಗಿದ್ದನ್ನೇ ಜೋಡಿಸಿದರೆ ಮೊದಲ ಜಿಗಿತಕ್ಕೇ ಸುಟ್ಟುಹೋಗುತ್ತದೆ.

"ಕಾಕೀ! ಇದೇನ್ ಮಾಡೀರಿ?"

"ಮೊಸರು ಕೇಳಾಕ ಬಂದಿದ್ದೆ. ನೋಡಿದ್ರ ಸಾಮಾನೆಲ್ಲ ಜಿಡ್ಡು ಹಿಡಿದು ಬಿದ್ದಾವ," ಎಂದಳು ಬಸ್ಸಮ್ಮ ಹೆಮ್ಮೆಯಿಂದ. "ಬೂದಿ ಹಚ್ಚಿ ತಿಕ್ಕೀನಿ. ನಿಮ್ಮವ್ವ ಪಾಪ ಒಬ್ಬಾಕಿ ಎಷ್ಟಂತ ಮಾಡ್ತಾಳ?"

ಅವ್ವ ಹಜರಾಬೀ ಬಾಗಿಲಲ್ಲೇ ನಿಂತಿದ್ದಳು. "ಛಲೋ ಮಾಡೀಯವ್ವ. ಇವತ್ತಿನ ರೇಸಿನ್ಯಾಗೂ ಸೋತ ಅಂದ್ರ ಈ ಗಾಡಿ ಗುಜರಿಗಿ. ಹೇಳಿಬಿಟ್ಟೀನಿ."

ಹೋದ ಸಲದ ಡ್ರ್ಯಾಗ್ ರೇಸಿನಲ್ಲಿ ಕ್ಲಚ್ ಜಾರಿ, ಎಂಜಿನ್ ಊರು ಕೇಳುವಂತೆ ಅರಚಿದ್ದರೂ ಗಾಡಿ ಮುನಿಸಿಕೊಂಡ ಅಳಿಯನ ಹಾಗೆ ನಿಂತಲ್ಲೇ ನಿಂತಿತ್ತು. ಗುಜರಿ ಎಂಬ ಮಾತು ಕೇಳಿದ್ದೇ ಗಯಾಸ ಹಗ್ಗದಿಂದ ಪ್ಲೇಟುಗಳನ್ನು ಬಿಡಿಸಿಕೊಂಡ. ಪ್ಲೇಟುಗಳ ಬೂದಿಯನ್ನು ಪೆಟ್ರೋಲಿನಲ್ಲಿ ತೊಳೆದು, ಮತ್ತೆ ಎಣ್ಣೆಗೆ ಹಾಕಿ, ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡ. ಬೈಕನ್ನು ಬಾಡಿಗೆ ಟೆಂಪೊಗೆ ಏರಿಸಿದ. ನೋಡುವ ಆಸೆಗೆ ಅವ್ವ, ಬಸ್ಸಮ್ಮ, ಅವಳ ಗಂಡ ಜಗದೇವಪ್ಪ ಮೂವರೂ ಹತ್ತಿದರು.

ಯಾದಗಿರಿಯ ಹೊರಗೆ, ರೇಸು ನಡೆಯಲಿದ್ದ ಹೊಸ ಲೇಔಟಿನ ನೆಟ್ಟನೆಯ ರಸ್ತೆಯಂಚಿನಲ್ಲಿ ಕೂತು ಗಯಾಸ ಕ್ಲಚ್ ಜೋಡಿಸತೊಡಗಿದ. ಜಗದೇವಪ್ಪ ನಾರಾಯಣಪುರದ ಡ್ಯಾಮಿನಲ್ಲಿ ಗೇಟ್ ಕಾದು ನಿವೃತ್ತರಾದವರು. ಬಗ್ಗಿ ನೋಡಿದರು.

"ಸ್ಪ್ರಿಂಗ್ ಸಡಿಲದಾವಲೇ. ಕೆಳಗ ವಾಷರ್ ಕೊಡು. ಗೇಟ್ ಸೋರಿದ್ರ ನಾವು ಬಿಗಿ ಮಾಡ್ತಿದ್ವಿ."

"ಕಾಕಾ, ಇದು ಡ್ಯಾಮ್ ಅಲ್ರಿ."

"ಜಾರೋದು ಅಂದ್ರ ಎಲ್ಲಾ ಒಂದ."

ಮಾತು ತಪ್ಪಿರಲಿಲ್ಲ. ವಾಷರ್ ಕೊಟ್ಟ. ಆದರೆ ಈಗ ಕ್ಲಚ್ ಹಿಡಿ ಎಷ್ಟು ಬಿಗಿಯಾಯಿತೆಂದರೆ ಗಯಾಸ ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಬಾವಿಯಿಂದ ಕೊಡ ಸೇದುವವನ ಹಾಗೆ ಎಳೆಯಬೇಕಾಯಿತು.

"ಪಾಪ, ಮುಖ ಕೆಂಪಾಗ್ಯದ. ನಾನೂ ಒಂದು ಕೈ ಹಚ್ಚಲೇನು?" ಎಂದಳು ಬಸ್ಸಮ್ಮ.

"ಬ್ಯಾಡ ಕಾಕೀ! ಮುಂಜಾನೆ ಹಚ್ಚಿದ್ದ ಸಾಕು!"

ಎದುರಾಳಿ ಸುರಪುರದ ಮುಜಫರ. ಹಿಂದಿನ ಎರಡು ರೇಸಿನಲ್ಲೂ ಅವನೇ ಗೆದ್ದವ. ಪಕ್ಕದಲ್ಲಿ ನಿಂತು ಎರಡು ಬೆರಳಲ್ಲಿ ಕ್ಲಚ್ ಹಿಡಿದು ನಕ್ಕ. ಬಾವುಟ ಬಿತ್ತು. ಗಯಾಸನ ಬೆರಳುಗಳು ತಾವಾಗಿಯೇ ಸೋತು ಹಿಡಿಯನ್ನು ಬಿಟ್ಟುಬಿಟ್ಟವು. ಗಾಡಿ ಕಣ್ಣಿ ಹರಿದ ಕರುವಿನಂತೆ ನೆಗೆಯಿತು. ತುದಿ ಮುಟ್ಟಿ ತಿರುಗಿ ನೋಡಿದರೆ ಮುಜಫರ ಇನ್ನೂ ಹಿಂದೆ.

"ಗೆದ್ದೆ ಅಮ್ಮೀ! ಗಾಡಿ ಉಳೀತು!"

ಅಷ್ಟರಲ್ಲಿ ಬಹುಮಾನ ಬಂತು: ರಿಬ್ಬನ್ ಕಟ್ಟಿದ ಹೊಸ ಸ್ಕೂಟರ್. ಹಜರಾಬೀ ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದಳು, "ಇದರ ಕ್ಲಚ್ ಎಲ್ಲಿ?"

"ಕೈಲೆ ಹಿಡಿಯೋ ಕ್ಲಚ್ಚೇ ಇಲ್ರಿ ಅಮ್ಮಾ. ಗೇರೂ ಇಲ್ಲ," ಎಂದರು ಸಂಘಟಕರು.

ಹಜರಾಬೀ ನೆಮ್ಮದಿಯ ಉಸಿರು ಬಿಟ್ಟಳು. ಅದೇ ಹೊತ್ತಿಗೆ ಮುಜಫರ ಓಡಿಬಂದ. "ಅಮ್ಮಾ, ಇಂಥಾ ಕ್ಲಚ್ ನಾ ನೋಡಿಲ್ಲ. ಗಾಡಿ ನನಗ ಕೊಡ್ರಿ."

"ತಗೊಂಡು ಹೋಗಪ್ಪಾ."

"ಅಮ್ಮೀ! ಸೋತ್ರ ಗುಜರಿಗಿ ಅಂದಿದ್ದಿ. ನಾ ಗೆದ್ದೀನಿ!"

"ಸೋತಿದ್ರ ಗುಜರಿಗಿ ಹೋಗ್ತಿತ್ತು," ಎಂದಳು ಅವ್ವ, ಮಗಳನ್ನು ಕೊಟ್ಟವಳಂತೆ ಕಣ್ಣೊರೆಸಿಕೊಂಡು. "ಗೆದ್ದಿದ್ದಕ್ಕ ಒಳ್ಳೇ ಮನಿ ಸಿಕ್ತು. ಒಂದು ಮನಿಗಿ ಎರಡು ಗಾಡಿ ಯಾಕ? ನಡಿ, ಹೊಸಾದ್ರ ಮ್ಯಾಲ ಶಹಾಪುರಕ್ಕ ನಮ್ಮ ಮನಿಗಿ ಕರ್ಕೊಂಡು ಹೋಗು."

ಸ್ಕೂಟರ್ ಹೊರಟಿತು. ಗಯಾಸನ ಎಡಗೈ ರೂಢಿಯಂತೆ ಕ್ಲಚ್ ಎಂದುಕೊಂಡು ಹಿಡಿಯನ್ನು ಬಲವಾಗಿ ಒತ್ತಿತು. ಅದು ಬ್ರೇಕು. ಹಜರಾಬೀಯ ಹಣೆ ಅವನ ಬೆನ್ನಿಗೆ ಡಬ್ಬೆಂದು ಬಡಿಯಿತು.

"ಇದನ್ನೂ ಬಿಚ್ಚಿ ಹರವಿದಿ ಅಂದ್ರ," ಎಂದಳು ಹಣೆ ಉಜ್ಜಿಕೊಳ್ಳುತ್ತ, "ಮುಂದಿನ ಸರತಿ ಯಾರು ಕೇಳ್ತಾರೋ ಅವರಿಗಿ ನಿನ್ನ ಕೊಟ್ಟಬಿಡ್ತೀನಿ."